ಇಂಟೆಲ್ ಬಿಟ್ಟು ಎಎಂಡಿ, ಎಎಂಡಿ ಬಿಟ್ಟು ಇಂಟೆಲ್: ಗೇಮರ್‌ಗಳ ಪಕ್ಷಾಂತರ ಯಾಕೆ?

ಪ್ರಶ್ನೆ: 2018ರಲ್ಲಿ ಇಂಟೆಲ್ ಐ5-8400 ಪ್ರೊಸೆಸರ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಪಿಸಿ ಅಸೆಂಬಲ್ ಮಾಡಿಸಿದ್ದೆ. ಆಗ ನಮ್ಮ ಗ್ಯಾಂಗಿನಲ್ಲಿ ಯಾರಾದರೂ ಎಎಂಡಿ ಅಂದರೆ ಉಳಿದವರು ನಗುತ್ತಿದ್ದರು. ಈಗ ಅದೇ ಹುಡುಗರು ಇಂಟೆಲ್ ಅಂದರೆ ನಗುತ್ತಾರೆ. ಇವರು ನಿಜವಾಗಿ ಏನೋ ಕಂಡುಕೊಂಡು ಬದಲಾದರಾ, ಇಲ್ಲ ಒಬ್ಬ ಹೋದ ಅಂತ ಎಲ್ಲರೂ ಹೋದರಾ? ನಾನೂ ಬದಲಾಯಿಸಬೇಕಾ?
– ಓದುಗರೊಬ್ಬರು, ಹಾಸನ

ಉತ್ತರ: ಎರಡೂ ಸ್ವಲ್ಪ ಸ್ವಲ್ಪ ನಿಜ. ಆದರೆ ಇವೆರಡಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಗೇಮರ್‌ಗಳ ಪಕ್ಷಾಂತರದ ಮಾತು ಬಂದಾಗ ಎಲ್ಲರೂ ಪ್ರೊಸೆಸರ್ ಕಡೆ ನೋಡುತ್ತಾರೆ. ಯಾವುದು ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಕೊಡುತ್ತದೆ, ಯಾವುದು ಎಷ್ಟು ಬಿಸಿಯಾಗುತ್ತದೆ ಅಂತ. ನಾನು ಮದರ್‌ಬೋರ್ಡ್ ಕಡೆ ನೋಡಿ ಅನ್ನುತ್ತೇನೆ. ಜನ ಕಂಪನಿ ಬದಲಿಸುವುದು ಹೇಗಿದ್ದರೂ ಬೋರ್ಡ್ ಬದಲಿಸಲೇಬೇಕು ಅನ್ನುವ ಹೊತ್ತಿಗೆ.

ಲೆಕ್ಕ ಹಾಕಿ ನೋಡಿ. ಇಂಟೆಲ್ ಚಿಪ್ ಎಎಂಡಿ ಬೋರ್ಡಿನಲ್ಲಿ ಕೂರುವುದಿಲ್ಲ, ಅದರದ್ದು ಇದರಲ್ಲಿ ಕೂರುವುದಿಲ್ಲ. ಆ ಕಡೆ ಹೋಗಬೇಕಾದರೆ ಪ್ರೊಸೆಸರ್ ಜೊತೆ ಬೋರ್ಡಿಗೂ ದುಡ್ಡು ಹಾಕಬೇಕು. ಕೆಲವೊಮ್ಮೆ ರ‍್ಯಾಮ್‌ಗೂ. ಇದ್ದ ಕಡೆಯೇ ಇದ್ದರೆ ಬರೀ ಪ್ರೊಸೆಸರ್ ಕೊಂಡರೆ ಸಾಕು. ಈ ವ್ಯತ್ಯಾಸ ಇರುವವರೆಗೆ ಗೇಮರ್ ಅಲುಗಾಡುವುದಿಲ್ಲ, ಹತ್ತು ಎಫ್‌ಪಿಎಸ್ ಕಮ್ಮಿ ಬಂದರೂ ಸುಮ್ಮನಿರುತ್ತಾನೆ. ಆದರೆ ಅದೇ ಕಂಪನಿಯಲ್ಲಿ ಉಳಿಯುವುದಕ್ಕೂ ಹೊಸ ಬೋರ್ಡ್ ಬೇಕು ಅಂದಾಗ ಬೇಲಿ ಬಿದ್ದ ಹಾಗಾಯಿತು. ಉಳಿದರೂ ಅಷ್ಟೇ ಖರ್ಚು, ಹೋದರೂ ಅಷ್ಟೇ ಖರ್ಚು. ಆಗ ಅವನು ಮೊದಲ ಸಲ ಎರಡೂ ಕಡೆ ನೋಡುತ್ತಾನೆ.

ಆ ಬೇಲಿಯನ್ನು ಇಂಟೆಲ್ ತಾನೇ ಮತ್ತೆ ಮತ್ತೆ ಬೀಳಿಸಿಕೊಂಡಿತು. ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅನ್ನುತ್ತಾರೆ. ಇಂಟೆಲ್ ಸಾಕೆಟ್‌ಗಳ ಪಟ್ಟಿ ನೋಡಿ. 2009ರಲ್ಲಿ 1156, 2011ರಲ್ಲಿ 1155, 2013ರಲ್ಲಿ 1150, 2015ರಲ್ಲಿ 1151, 2020ರಲ್ಲಿ 1200, 2021ರಲ್ಲಿ 1700, 2024ರಲ್ಲಿ 1851. ಬಹುಪಾಲು ಎರಡು ತಲೆಮಾರಿಗೊಂದು ಹೊಸ ಸಾಕೆಟ್. 1700 ಮಾತ್ರ ಮೂರು ತಲೆಮಾರು ಬಾಳಿತು. ಇದಕ್ಕಿಂತ ಮಜಾ ನಿಮ್ಮದೇ 8400ರ ಕಥೆ. ಅದು ಬಂದದ್ದು 2017ರ ಅಕ್ಟೋಬರಿನಲ್ಲಿ, ಅದೇ 1151 ಸಾಕೆಟ್‌ಗೆ. ಆದರೂ ಹಳೆಯ 1151 ಬೋರ್ಡುಗಳಲ್ಲಿ ಅದು ಓಡುವುದಿಲ್ಲ ಅಂದರು, ಹೊಸ 300 ಸರಣಿಯ ಬೋರ್ಡೇ ಬೇಕು ಅಂದರು. ಅದೇ ವರ್ಷದ ಜನವರಿಯಲ್ಲಿ ಐ7-7700ಕೆ ಜೊತೆ ದುಬಾರಿ ಬೋರ್ಡ್ ಕೊಂಡವರು ಒಂಬತ್ತೇ ತಿಂಗಳಲ್ಲಿ ಹಳಬರಾದರು. ಅವರ ಸಿಟ್ಟು ಎಷ್ಟಿತ್ತು ಅಂತ ಆಗಿನ ಗೇಮರ್‌ಗಳನ್ನು ಕೇಳಿ.

ಎಎಂಡಿ ಅದೇ ಹೊತ್ತಿಗೆ ಎಎಂ4 ಅನ್ನುವ ಒಂದೇ ಸಾಕೆಟ್ ಹಿಡಿದು ಕೂತಿತು. 2017ರಲ್ಲಿ ಎಎಂಡಿಯ ಮೊದಲ ರೈಜನ್ ಪ್ರೊಸೆಸರ್ ಜೊತೆ ಕೊಂಡ ಬೋರ್ಡಿಗೆ ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ 2022ರ 5800ಎಕ್ಸ್3ಡಿ ಕೂರಿಸಿದವರಿದ್ದಾರೆ. ಐದು ವರ್ಷ, ಒಂದೇ ಬೋರ್ಡ್. ಇದೇನು ಎಎಂಡಿಯ ದೊಡ್ಡ ಮನಸ್ಸು ಅಂದುಕೊಳ್ಳಬೇಡಿ. 2020ರ ಮೇ ತಿಂಗಳಲ್ಲಿ ಅವರೂ ಇಂಟೆಲ್ ದಾರಿಯನ್ನೇ ಹಿಡಿಯಲು ಹೊರಟಿದ್ದರು. ಮುಂದಿನ ರೈಜನ್ ಬರೀ 500 ಸರಣಿಯ ಬೋರ್ಡಿಗೆ, ಹಿಂದಿನ ಬಿ450 ಬೋರ್ಡ್ ಕೊಂಡವರಿಗೆ ಇಲ್ಲ ಅಂದುಬಿಟ್ಟರು. ಗೇಮರ್‌ಗಳು ಗಲಾಟೆ ಎಬ್ಬಿಸಿದರು. ಕೆಲವೇ ದಿನಗಳಲ್ಲಿ ಕಂಪನಿ ಮಾತು ಬದಲಿಸಿತು. ಕೊನೆಗೆ 2022ರಲ್ಲಿ ಮೊದಮೊದಲ 300 ಸರಣಿಯ ಬೋರ್ಡುಗಳಿಗೂ ಬೆಂಬಲ ಕೊಟ್ಟರು. ಗದ್ದಲ ಮಾಡಿ ಗಳಿಸಿಕೊಂಡದ್ದು ಅದು.

ಹಾಗಂತ ಚಿಪ್ಪಿನ ವೇಗಕ್ಕೆ ಬೆಲೆ ಇಲ್ಲ ಅಂತಲ್ಲ. ಬೇಲಿ ಬಿದ್ದ ಮೇಲೆ ಯಾವ ಕಡೆ ಕಾಲಿಡಬೇಕು ಅನ್ನುವುದನ್ನು ವೇಗವೇ ಹೇಳುತ್ತದೆ. ಅಲ್ಲಿ ಗಾಳಿ ನಾಲ್ಕೈದು ಸಲ ತಿರುಗಿದೆ.

1990ರ ದಶಕದಲ್ಲಿ ಇಂಟೆಲ್ ಬಿಟ್ಟು ಬೇರೆ ಮಾತಿರಲಿಲ್ಲ. ನಮ್ಮ ಕಡೆ ಪೆಂಟಿಯಂ ಅಂದರೆ ಕಂಪ್ಯೂಟರ್ ಅಂತಲೇ ಅರ್ಥವಾಗಿತ್ತು. 1999ರಲ್ಲಿ ಎಎಂಡಿಯ ಅಥ್ಲಾನ್ ಬಂತು. 2000ದ ಮಾರ್ಚ್‌ನಲ್ಲಿ 1 ಗಿಗಾಹರ್ಟ್ಸ್ ವೇಗದ ಗೆರೆಯನ್ನು ಇಂಟೆಲ್‌ಗಿಂತ ಎರಡು ದಿನ ಮೊದಲು ದಾಟಿತು. 2003ರ ಅಥ್ಲಾನ್ 64 ಬಂದಾಗ ಗೇಮರ್‌ಗಳು ಗುಂಪುಗುಂಪಾಗಿ ಎಎಂಡಿ ಕಡೆ ಹೋದರು. ಪೆಂಟಿಯಂ 4ರ ಗಿಗಾಹರ್ಟ್ಸ್ ಸಂಖ್ಯೆ ದೊಡ್ಡದಿತ್ತು, ಬಿಸಿಯೂ ದೊಡ್ಡದಿತ್ತು, ಗೇಮ್ ಮಾತ್ರ ಅಥ್ಲಾನ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು. 2006ರ ಜುಲೈನಲ್ಲಿ ಇಂಟೆಲ್ ಕೋರ್ 2 ಡ್ಯುಯೋ ಬಿಟ್ಟಿತು. ಅಷ್ಟೇ, ಎಎಂಡಿ ತನ್ನ ಬೆಲೆಗಳನ್ನು ಧಡಾರನೆ ಇಳಿಸಬೇಕಾಯಿತು. ಹೋದವರೆಲ್ಲ ವಾಪಸ್.

ನಿಮ್ಮ ಗ್ಯಾಂಗಿನ ನಗುವಿನ ಮೂಲ ಇರುವುದು 2011ರಲ್ಲಿ. ಆ ವರ್ಷದ ಶುರುವಿನಲ್ಲಿ ಇಂಟೆಲ್‌ನ ಐ5-2500ಕೆ ಬಂತು. ಅಕ್ಟೋಬರಿನಲ್ಲಿ ಎಎಂಡಿಯ ಬುಲ್ಡೋಜರ್, ಅಂದರೆ ಎಫ್ಎಕ್ಸ್-8150. ಎಂಟು ಕೋರ್, ಅಂದರೆ ಲೆಕ್ಕ ಮಾಡುವ ಎಂಟು ಘಟಕ, ಅಂತ ಡಬ್ಬಿಯ ಮೇಲೆ ಹಾಕಿದ್ದರು. ಒಳಗೆ ಎರಡೆರಡು ಕೋರ್ ಜೋಡಿಯಾಗಿ ಕೆಲವು ಭಾಗಗಳನ್ನು ಹಂಚಿಕೊಳ್ಳುತ್ತಿದ್ದವು. ಆಗಿನ ಗೇಮ್‌ಗಳಿಗೆ ಎಂಟು ಸಾಧಾರಣ ಕೋರ್ ಬೇಕಿರಲಿಲ್ಲ, ಒಂದೆರಡು ಚುರುಕಾದ ಕೋರ್ ಬೇಕಿತ್ತು. ನಾಲ್ಕು ಕೋರಿನ 2500ಕೆ ಅದನ್ನು ಸೋಲಿಸಿತು. ಇವು ನಿಜವಾಗಿ ಎಂಟು ಕೋರೇ ಅಲ್ಲ ಅಂತ ಅಮೆರಿಕದಲ್ಲಿ ಕೇಸ್ ಬಿತ್ತು. 2019ರಲ್ಲಿ ಎಎಂಡಿ 1.21 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಿಮ್ಮ ಗೆಳೆಯರು ಸುಮ್ನೆ ನಗುತ್ತಿರಲಿಲ್ಲ, ಆ ನಗುವಿಗೆ ಕಾರಣ ಇತ್ತು. ಮುಗಿದುಹೋದ ಕಾರಣ ಅದು, ಅಷ್ಟೇ. 2018ರ ಹೊತ್ತಿಗೆ ರೈಜನ್ ಬಂದು ವರ್ಷ ದಾಟಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಒಬ್ಬ ಗೇಮರ್ ಪ್ರೊಸೆಸರ್ ಕೊಳ್ಳುವುದು ನಾಲ್ಕೈದು ವರ್ಷಕ್ಕೊಮ್ಮೆ, ಕೆಲವರು ಏಳೆಂಟು ವರ್ಷಕ್ಕೊಮ್ಮೆ. ಹಾಗಾಗಿ ಅವನ ತಲೆಯಲ್ಲಿರುವುದು ಹಿಂದಿನ ಸಲ ಕೊಂಡಾಗಿನ ಮಾರುಕಟ್ಟೆ. ನಾವು ನಿಷ್ಠೆ ಅನ್ನುವುದು ಬಹಳ ಸಲ ಹಳೆಯ ಸುದ್ದಿ ಅಷ್ಟೇ. ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ‘ಎಎಂಡಿ ಬಿಸಿಯಾಗುತ್ತೆ ಸಾರ್’ ಅನ್ನುವ ಮಾತು ಇವತ್ತಿಗೂ ಕಿವಿಗೆ ಬೀಳುತ್ತದೆ. 2001ರಲ್ಲಿ ಒಂದು ವಿಡಿಯೋ ಓಡಾಡಿತ್ತು. ಓಡುತ್ತಿರುವ ಪಿಸಿಯ ಕೂಲರ್ ಕಿತ್ತರೆ ಅಥ್ಲಾನ್ ಹೊಗೆ ಬಿಟ್ಟು ಸತ್ತುಹೋಗುತ್ತಿತ್ತು, ಪೆಂಟಿಯಂ 4 ನಿಧಾನವಾಗಿ ಬದುಕಿಕೊಳ್ಳುತ್ತಿತ್ತು. ಅದಾಗಿ ಮೂರು ವರ್ಷಕ್ಕೆ ಬಿಸಿಯ ಅಪವಾದ ಪೂರಾ ಇಂಟೆಲ್ ಮೇಲೆ ಬಂತು. 2013ರಲ್ಲಿ 220 ವಾಟಿನ ಎಫ್ಎಕ್ಸ್-9590 ಬಂದು ಮತ್ತೆ ಎಎಂಡಿ ಮೇಲೆ. ಈಚಿನ ವರ್ಷಗಳಲ್ಲಿ ಬಿಸಿಗೆ ಹೆಸರಾದದ್ದು ಇಂಟೆಲ್‌ನ ಐ9. ಕೌಂಟರಿನ ಮಾತು ಮಾತ್ರ 2001ರಲ್ಲೇ ನಿಂತಿದೆ.

ಈಗ 2017ಕ್ಕೆ ಬರೋಣ. ಈಗಿನ ಗಾಳಿಯ ಬೇರು ಇರುವುದು ಅಲ್ಲೇ.

ಸಾಮಾನ್ಯ ಜನ ಕೊಳ್ಳುವ ಡೆಸ್ಕ್‌ಟಾಪಿಗೆ ಇಂಟೆಲ್ ನಾಲ್ಕು ಕೋರ್ ಕೊಟ್ಟದ್ದು 2007ರಲ್ಲಿ. ಹತ್ತು ವರ್ಷದ ನಂತರ 2017ರ ಜನವರಿಯಲ್ಲಿ ಅದರ ಅತಿ ದುಬಾರಿ ಸಾಮಾನ್ಯ ಚಿಪ್ ಆಗಿದ್ದ 7700ಕೆ ಒಳಗೂ ನಾಲ್ಕೇ ಕೋರ್. ಎದುರಾಳಿ ಮಲಗಿದ್ದ, ಇಂಟೆಲ್‌ಗೆ ಅವಸರ ಇರಲಿಲ್ಲ. ಜೊತೆಗೆ ಚಿಪ್ಪಿನ ಭಾಗಗಳನ್ನು ಇನ್ನೂ ಚಿಕ್ಕದು ಮಾಡುವ ಅದರ 10 ನ್ಯಾನೋಮೀಟರ್ ತಯಾರಿಕೆ ವರ್ಷಗಟ್ಟಲೆ ಎಡವಿತು. 2015ರಿಂದ 2021ರವರೆಗೆ ಡೆಸ್ಕ್‌ಟಾಪ್‌ಗಳಿಗೆ 14 ನ್ಯಾನೋಮೀಟರನ್ನೇ ತಿಕ್ಕಿ ತೀಡಿ ಮಾರಿದರು. ಎಎಂಡಿಯ ಸ್ಥಿತಿ ಅದಕ್ಕಿಂತ ಕಷ್ಟದಲ್ಲಿತ್ತು. 2015ರಲ್ಲಿ ಅದರ ಒಂದು ಷೇರಿಗೆ ಎರಡು ಡಾಲರೂ ಸಿಗುತ್ತಿರಲಿಲ್ಲ. 2014ರಲ್ಲಿ ಲೀಸಾ ಸೂ ಸಿಇಒ ಆದರು. ಚಿಪ್ ವಿನ್ಯಾಸಕ ಜಿಮ್ ಕೆಲ್ಲರ್ 2012ರಲ್ಲೇ ಎಎಂಡಿಗೆ ವಾಪಸ್ ಬಂದು ಝೆನ್ ಅನ್ನುವ ಹೊಸ ವಿನ್ಯಾಸದ ಕೆಲಸ ಶುರು ಮಾಡಿಸಿದ್ದರು. ಅಂದ ಹಾಗೆ, ಇದೇ ಕೆಲ್ಲರ್ 2018ರಲ್ಲಿ ಇಂಟೆಲ್ ಸೇರಿದರು. ಎಎಂಡಿಯ ಗ್ರಾಫಿಕ್ಸ್ ವಿಭಾಗ ನೋಡುತ್ತಿದ್ದ ರಾಜಾ ಕೊಡೂರಿ ಅದಕ್ಕೂ ಮೊದಲೇ, 2017ರಲ್ಲಿ, ಇಂಟೆಲ್‌ಗೆ ಹೋಗಿದ್ದರು. ಚಿಪ್ ಕಟ್ಟುವವರೇ ಆ ಕಡೆ ಈ ಕಡೆ ಓಡಾಡುವಾಗ ಕೊಳ್ಳುವವರನ್ನು ಏನು ಕೇಳುವುದು?

2017ರ ಮಾರ್ಚ್ 2ಕ್ಕೆ ಆ ಝೆನ್ ವಿನ್ಯಾಸದ ರೈಜನ್ ಬಂತು. ಎಂಟು ಕೋರಿನ ರೈಜನ್ 7 1700ಗೆ ಅಮೆರಿಕದಲ್ಲಿ 329 ಡಾಲರ್. ಅಷ್ಟೇ ಕೋರಿನ ಇಂಟೆಲ್ ಚಿಪ್‌ಗೆ ಆಗ ಸಾವಿರ ಡಾಲರ್ ದಾಟುತ್ತಿತ್ತು. ಆದರೆ ಗೇಮ್‌ನಲ್ಲಿ ಗೆದ್ದವರು ಯಾರು? ಇಂಟೆಲ್ಲೇ. ಎಫ್‌ಪಿಎಸ್ ಪಟ್ಟಿಯಲ್ಲಿ 7700ಕೆ ಮುಂದಿತ್ತು. ಹಾಗಿದ್ದರೂ ಜನ ಹೊರಟರು. ಬರೀ ಬೆಂಚ್‌ಮಾರ್ಕ್ ನೋಡಿ ಬದಲಾಗುತ್ತಾರೆ ಅನ್ನುವ ವಾದ ನನಗೆ ಒಪ್ಪಿಗೆಯಾಗದೆ ಇರುವುದು ಈ ಕಾರಣಕ್ಕೆ. ಆಡುತ್ತಾ ಸ್ಟ್ರೀಮ್ ಮಾಡುವವರಿಗೆ, ವಿಡಿಯೋ ಎಡಿಟ್ ಮಾಡುವವರಿಗೆ ಕೋರ್ ಬೇಕಿತ್ತು. ಎಎಂ4 ಸಾಕೆಟ್ 2020ರವರೆಗೆ ಇರುತ್ತದೆ ಅನ್ನುವ ಮಾತು ಸಿಕ್ಕಿತ್ತು. ಹತ್ತು ವರ್ಷ ನಾಲ್ಕೇ ಕೋರ್ ಮಾರಿದವರ ಮೇಲೆ ಸಿಟ್ಟೂ ಇತ್ತು. ನಿಮ್ಮ 8400ಕ್ಕೆ ನಾಲ್ಕರ ಬದಲು ಆರು ಕೋರ್ ಬಂದದ್ದರಲ್ಲಿ ಈ ಪೈಪೋಟಿಯ ಪಾಲೂ ಇದೆ ಅಂತ ನನ್ನ ಲೆಕ್ಕ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2019ರಲ್ಲಿ 199 ಡಾಲರಿನ ರೈಜನ್ 5 3600 ಬಜೆಟ್ ಗೇಮರ್‌ಗಳ ಮನೆಮಾತಾಯಿತು. 2020ರ ನವೆಂಬರಿನಲ್ಲಿ ಬಂದ 5000 ಸರಣಿ ಗೇಮ್‌ನಲ್ಲೂ ಇಂಟೆಲ್ಲನ್ನು ಹಿಂದೆ ಹಾಕಿತು. ಹಾಕಿದ್ದೇ ತಡ, ಎಎಂಡಿ ಬೆಲೆ ಏರಿಸಿತು. ಆರು ಕೋರಿನ 5600ಎಕ್ಸ್‌ಗೆ 299 ಡಾಲರ್. ಗೆದ್ದವರೆಲ್ಲ ಮಾಡುವುದು ಅದನ್ನೇ. 2022ರ ಶುರುವಿನಲ್ಲಿ ಇಂಟೆಲ್‌ನ ಐ5-12400ಎಫ್ ಕಮ್ಮಿ ಬೆಲೆಗೆ ಸಿಕ್ಕಾಗ ಬಜೆಟ್ ಗೇಮರ್‌ಗಳು ನಾಚಿಕೆ ಇಲ್ಲದೆ ವಾಪಸ್ ಹೋದರು. ಹೋಗಲೇಬೇಕಿತ್ತು ಬಿಡಿ, ಅದು ಒಳ್ಳೆಯ ಚಿಪ್.

ಆಟ ಪೂರಾ ಬದಲಾದದ್ದು 2022ರ ಏಪ್ರಿಲ್‌ನಲ್ಲಿ, 5800ಎಕ್ಸ್3ಡಿ ಬಂದಾಗ. ಪ್ರೊಸೆಸರ್ ಒಳಗೆ, ಕೋರ್‌ಗಳ ಪಕ್ಕದಲ್ಲೇ ಕ್ಯಾಶ್ ಅನ್ನುವ ಚಿಕ್ಕ, ಬಹಳ ಚುರುಕಾದ ಮೆಮೊರಿ ಇರುತ್ತದೆ. ಒಗ್ಗರಣೆ ಹಾಕುವಾಗ ಸಾಸಿವೆ ಡಬ್ಬಿ ಒಲೆ ಪಕ್ಕದಲ್ಲೇ ಇದ್ದರೆ ಒಂದು ರೀತಿ, ಪ್ರತಿ ಸಲ ಅಟ್ಟ ಹತ್ತಿ ತರಬೇಕಾದರೆ ಇನ್ನೊಂದು ರೀತಿ. ರ‍್ಯಾಮ್ ಅಂದರೆ ಅಟ್ಟ. ಗೇಮ್‌ಗಳು ಒಂದೊಂದು ಫ್ರೇಮಿಗೂ ಚೂರುಪಾರು ಮಾಹಿತಿಯನ್ನು ಮತ್ತೆ ಮತ್ತೆ ಕೇಳುತ್ತವೆ. ಯಾವಾಗ ಏನು ಕೇಳುತ್ತವೆ ಅಂತ ಮೊದಲೇ ಊಹಿಸುವುದು ಕಷ್ಟ. ಮಾಮೂಲಿ 5800ಎಕ್ಸ್‌ನಲ್ಲಿ ಎಲ್3 ಕ್ಯಾಶ್ 32 ಎಂಬಿ. ಎಎಂಡಿ ಚಿಪ್ಪಿನ ಮೇಲೆ ಇನ್ನೊಂದು ಪದರ ಅಂಟಿಸಿ ಅದನ್ನು 96 ಎಂಬಿ ಮಾಡಿತು. ಗರಿಷ್ಠ ವೇಗ 4.7ರಿಂದ 4.5 ಗಿಗಾಹರ್ಟ್ಸ್‌ಗೆ ಇಳಿಯಿತು, ಗೇಮ್ ಮಾತ್ರ ಜಾಸ್ತಿ ಚುರುಕಾಯಿತು. ಅದರಲ್ಲೂ ಸಿಮ್ಯುಲೇಶನ್ ಗೇಮ್‌ಗಳಲ್ಲಿ, ನೂರಾರು ಜನ ಒಟ್ಟಿಗೆ ಆಡುವ ಆನ್‌ಲೈನ್ ಗೇಮ್‌ಗಳಲ್ಲಿ. ಇದೇ ಉಪಾಯ 2023ರಲ್ಲಿ 7800ಎಕ್ಸ್3ಡಿ ಆಯಿತು, 2024ರ ನವೆಂಬರಿನಲ್ಲಿ 9800ಎಕ್ಸ್3ಡಿ ಆಯಿತು. ಕೊನೆಯದರಲ್ಲಿ ಕ್ಯಾಶ್ ಪದರವನ್ನು ಕೋರ್‌ಗಳ ಕೆಳಗೆ ಹಾಕಿದರು. ಬಿಸಿ ಸಲೀಸಾಗಿ ಕೂಲರ್‌ಗೆ ಹೋಗುವಂತಾಯಿತು.

ಹಳೇ ಎಎಂ4 ಬೋರ್ಡಿನವರಿಗೆ 5800ಎಕ್ಸ್3ಡಿ ಲಾಟರಿ ಹೊಡೆದ ಹಾಗೆ. ಬೋರ್ಡ್ ಬದಲಿಸದೆ, ರ‍್ಯಾಮ್ ಬದಲಿಸದೆ, ಅವತ್ತಿನ ಅತಿ ಚುರುಕಾದ ಗೇಮಿಂಗ್ ಚಿಪ್‌ಗಳಲ್ಲಿ ಒಂದು ಕೈಗೆ ಬಂತು. ಅಂಥವರು ಯಾಕೆ ಬಿಟ್ಟುಹೋಗುತ್ತಾರೆ?

ಇಷ್ಟೇ ಆಗಿದ್ದರೆ ಇಂಟೆಲ್ ಇನ್ನೊಂದು ತಲೆಮಾರಿನಲ್ಲಿ ಹಿಂದಿರುಗುತ್ತಿತ್ತು. ಹೊಡೆತ ಬಿದ್ದದ್ದು ಬೇರೆ ಕಡೆ. 13 ಮತ್ತು 14ನೇ ತಲೆಮಾರಿನ ಐ7, ಐ9ಗಳು ಗೇಮ್ ಮಧ್ಯದಲ್ಲಿ ಕ್ರ್ಯಾಶ್ ಆಗತೊಡಗಿದವು. ಅನ್‌ರಿಯಲ್ ಎಂಜಿನ್ ಬಳಸುವ ಗೇಮ್‌ಗಳಲ್ಲಿ ‘ವಿಡಿಯೋ ಮೆಮೊರಿ ಸಾಲದು’ ಅನ್ನುವ ಅರ್ಥದ ಸಂದೇಶ ಬರುತ್ತಿತ್ತು. ಓದಿದವನು ಏನು ಮಾಡುತ್ತಾನೆ? ಗ್ರಾಫಿಕ್ಸ್ ಕಾರ್ಡನ್ನು ಅನುಮಾನಿಸುತ್ತಾನೆ. ಡ್ರೈವರ್ ತೆಗೆದು ಹಾಕುತ್ತಾನೆ, ರ‍್ಯಾಮ್ ಬದಲಿಸುತ್ತಾನೆ, ವಿಂಡೋಸ್ ಹೊಸದಾಗಿ ಹಾಕುತ್ತಾನೆ. ತಪ್ಪು ಪ್ರೊಸೆಸರ್‌ನದ್ದು ಅಂತ ಯಾರಿಗೆ ಹೊಳೆಯುತ್ತದೆ? 2024ರ ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು. ಮೈಕ್ರೋಕೋಡ್ ಅನ್ನುವ ಚಿಪ್ಪಿನೊಳಗಿನ ಸೂಚನೆಗಳ ದೋಷದಿಂದ ಚಿಪ್ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು. ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಸರಿಪಡಿಸಿದ ಕೋಡ್ ಬಂತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಆದರೆ ಆಗಲೇ ಹಾಳಾದ ಚಿಪ್ಪನ್ನು ಯಾವ ಅಪ್‌ಡೇಟೂ ಸರಿಮಾಡುವುದಿಲ್ಲ. ಅದನ್ನು ಬದಲಿಸಿಕೊಳ್ಳಲೇಬೇಕು. ನಿಧಾನದ ಪ್ರೊಸೆಸರನ್ನು ಗೇಮರ್ ಕ್ಷಮಿಸುತ್ತಾನೆ, ಸೆಟ್ಟಿಂಗ್ ಇಳಿಸಿ ಆಡುತ್ತಾನೆ. ತಿಂಗಳುಗಟ್ಟಲೆ ತನ್ನನ್ನೇ ಅನುಮಾನಿಸಿಕೊಳ್ಳುವಂತೆ ಮಾಡಿದ್ದನ್ನು ಕ್ಷಮಿಸುವುದು ಕಷ್ಟ.

ಅದೇ ವರ್ಷದ ಅಕ್ಟೋಬರಿನಲ್ಲಿ ಇಂಟೆಲ್‌ನ ಹೊಸ ಕೋರ್ ಅಲ್ಟ್ರಾ ಬಂತು. ಕರೆಂಟ್ ಕಮ್ಮಿ ತಿನ್ನುತ್ತದೆ ನಿಜ. ಗೇಮ್‌ನಲ್ಲಿ ಮಾತ್ರ ಎಷ್ಟೋ ಕಡೆ ತನ್ನದೇ ಹಳೆಯ 14900ಕೆಗಿಂತ ಹಿಂದೆ ಬಿತ್ತು. ಮತ್ತು ಅದಕ್ಕೆ ಹೊಸ ಸಾಕೆಟ್. ಇಂಟೆಲ್‌ನಲ್ಲೇ ಉಳಿಯಲು ಹೊಸ ಬೋರ್ಡ್ ಬೇಕು, ಎಎಂಡಿಗೆ ಹೋಗಲೂ ಹೊಸ ಬೋರ್ಡ್ ಬೇಕು. ನಿಮ್ಮ ಗ್ಯಾಂಗು ಎಲ್ಲಿ ಹೋಯಿತು ಅಂತ ಈಗ ತಿಳಿಯಿತಲ್ವಾ?

ಎಎಂಡಿ ಏನು ಪರಿಶುದ್ಧವಲ್ಲ. 2023ರ ಏಪ್ರಿಲ್‌ನಲ್ಲಿ 7000 ಸರಣಿಯ ಎಕ್ಸ್3ಡಿ ಚಿಪ್‌ಗಳು ಕೆಲವು ಬೋರ್ಡುಗಳ ಮೇಲೆ ಉಬ್ಬಿ ಸುಟ್ಟುಹೋದವು. ಅಲ್ಲೂ ವೋಲ್ಟೇಜಿನದ್ದೇ ಗೋಳು. ಎಸ್‌ಒಸಿ (ಚಿಪ್ಪಿನ ಒಂದು ಭಾಗದ) ವೋಲ್ಟೇಜ್ 1.3 ವೋಲ್ಟ್ ದಾಟದಂತೆ ಬಯೋಸ್‌ನಲ್ಲೇ ಕಟ್ಟುಹಾಕಿದರು. ಬೇಗ ಸುಧಾರಿಸಿಕೊಂಡರು, ಹಾಗಾಗಿ ಜನ ಬೇಗ ಮರೆತರು.

ಇನ್ನು ನಿಮ್ಮ ಕುರಿಮಂದೆಯ ಅನುಮಾನ. ಅದೂ ಪೂರಾ ಸುಳ್ಳಲ್ಲ. ಪ್ರೊಸೆಸರ್ ರಿವ್ಯೂ ಮಾಡುವವರು ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ 1080ಪಿ ಅನ್ನುವ ಕಮ್ಮಿ ರೆಸಲ್ಯೂಶನ್‌ನಲ್ಲಿ ಅಳೆಯುತ್ತಾರೆ. ಹಾಗೆ ಮಾಡುವುದೇ ಸರಿ, ಇಲ್ಲದಿದ್ದರೆ ಪ್ರೊಸೆಸರ್‌ಗಳ ನಡುವಿನ ವ್ಯತ್ಯಾಸ ಕಾಣುವುದಿಲ್ಲ. ಆದರೆ ಮನೆಯಲ್ಲಿ ಮಧ್ಯಮ ದರ್ಜೆಯ ಕಾರ್ಡ್ ಇಟ್ಟು ಅದಕ್ಕಿಂತ ಜಾಸ್ತಿ ರೆಸಲ್ಯೂಶನ್ನಿನ 1440ಪಿಯಲ್ಲಿ ಆಡುವವನಿಗೆ ಆ ಅಂತರದ ಬಹುಪಾಲು ಸಿಗುವುದೇ ಇಲ್ಲ. ಅಲ್ಲಿ ಕಾರ್ಡೇ ಸುಸ್ತಾಗಿರುತ್ತದೆ. 9800ಎಕ್ಸ್3ಡಿಯ ಹೆಸರು ಕೇಳಿ ಅದರ ಅರ್ಧ ಬೆಲೆಯ ಎಎಂಡಿ ಕೊಳ್ಳುವವರು ಬಹಳ ಜನ. ಗೆದ್ದ ಕುದುರೆಯ ಹೆಸರು ಇಡೀ ಲಾಯಕ್ಕೆ ಅಂಟಿಕೊಳ್ಳುತ್ತದೆ. ಗೆಳೆಯರು ಕೊಂಡದ್ದನ್ನೇ ಕೊಳ್ಳುವುದರಲ್ಲಿ ಒಂದು ಲಾಭವೂ ಇದೆ ಅನ್ನಿ. ಬಯೋಸ್‌ನಲ್ಲಿ ಯಾವ ಸೆಟ್ಟಿಂಗ್ ಆನ್ ಮಾಡಬೇಕು ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಕೇಳಬಹುದು.

ಈ ಗಾಳಿ ಮೊದಲು ಬೀಸುವುದು ಅಸೆಂಬಲ್ ಮಾಡಿಸುವವರ ನಡುವೆ. ಲ್ಯಾಪ್‌ಟಾಪ್ ಕೊಳ್ಳುವವರು ಅಂಗಡಿಯಲ್ಲಿ ಇದ್ದದ್ದನ್ನು ಕೊಳ್ಳುತ್ತಾರೆ, ಅಲ್ಲಿ ಏನಿರಬೇಕು ಅಂತ ಲ್ಯಾಪ್‌ಟಾಪ್ ಕಂಪನಿಗಳು ತೀರ್ಮಾನಿಸುತ್ತವೆ. ಆ ಕಂಪನಿಗಳಿಗೆ ಇಂಟೆಲ್ ರಿಯಾಯಿತಿ ಆಮಿಷ ತೋರಿಸಿ ನಮ್ಮನ್ನು ಹೊರಗಿಟ್ಟಿತು ಅಂತ ಎಎಂಡಿ ಕೋರ್ಟಿಗೆ ಹೋಗಿತ್ತು. 2009ರಲ್ಲಿ ಇಂಟೆಲ್ 125 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಬಿಡಿಬಿಡಿಯಾಗಿ ಕೊಳ್ಳುವ ಗೇಮರ್‌ಗೆ ಅಂಥ ಕಟ್ಟುಪಾಡು ಇಲ್ಲ. ಆದರೂ ಇಡೀ ಲೆಕ್ಕ ತಿರುಗಲು ವರ್ಷಗಳೇ ಬೇಕು. ಗೇಮ್ ಮಾರುವ ಸ್ಟೀಮ್ ತಾಣ ತಿಂಗಳು ತಿಂಗಳು ಪ್ರಕಟಿಸುವ ಹಾರ್ಡ್‌ವೇರ್ ಸಮೀಕ್ಷೆಯಲ್ಲಿ 2024ರ ಕೊನೆಗೂ ಅರ್ಧಕ್ಕಿಂತ ಜಾಸ್ತಿ ಪಿಸಿಗಳು ಇಂಟೆಲ್‌ನವೇ ಇದ್ದವು. ಎಲ್ಲರೂ ಹೋದರು ಅನ್ನುವುದು ನಿಮ್ಮ ಗ್ಯಾಂಗಿನ ಮಟ್ಟಿಗೆ ನಿಜ.

ಇನ್ನು ನಿಮ್ಮ ಪಿಸಿ. ನಿಮ್ಮ ಬೋರ್ಡ್ ಇಂಟೆಲ್‌ನ 9ನೇ ತಲೆಮಾರಿನ ಆಚೆಗೆ ಹೋಗುವುದಿಲ್ಲ. ಸೆಕೆಂಡ್ ಹ್ಯಾಂಡ್ 9900ಕೆ ಹುಡುಕಬೇಡಿ, ಅದರ ವಯಸ್ಸಿಗೆ ಕೇಳುವ ಬೆಲೆ ದಂಡ. ಅಂದರೆ ನಿಮ್ಮ ಬೇಲಿಯೂ ಬಿದ್ದಿದೆ. ಯಾವ ಕಡೆಗೂ ಋಣ ಇಲ್ಲ.

ಮೊದಲು ಎಂಎಸ್ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು, ಆಡುವಾಗ ಗ್ರಾಫಿಕ್ಸ್ ಕಾರ್ಡಿನ ಬಳಕೆ ಎಷ್ಟಿದೆ ನೋಡಿ. ಅದು ಶೇಕಡಾ 95ರ ಮೇಲೆ ನಿಂತಿದ್ದರೆ ಪ್ರೊಸೆಸರ್ ತಪ್ಪಿಲ್ಲ. ನಿಮ್ಮ 1060ಗೆ ವಯಸ್ಸಾಗಿದೆ, ದುಡ್ಡು ಅಲ್ಲಿಗೆ ಹಾಕಿ. ಇಂಟೆಲ್ಲೋ ಎಎಂಡಿಯೋ ಅನ್ನುವ ಪ್ರಶ್ನೆಯನ್ನು ಆಮೇಲೆ ನೋಡಿಕೊಳ್ಳಿ. ದೊಡ್ಡ ದೊಡ್ಡ ಗೇಮ್‌ಗಳಲ್ಲಿ ನಿಮಗೆ ಹೀಗೇ ಕಾಣಿಸುತ್ತದೆ ಅಂತ ನನ್ನ ಅಂದಾಜು. ಕಾರ್ಡಿನ ಬಳಕೆ 60–70ರಲ್ಲಿ ಓಲಾಡುತ್ತಾ ಗೇಮ್ ತಡವರಿಸುತ್ತಿದ್ದರೆ ಪ್ರೊಸೆಸರ್ ಸೋತಿದೆ. ವ್ಯಾಲೊರೆಂಟ್, ಕೌಂಟರ್-ಸ್ಟ್ರೈಕ್ ಥರದ ಗೇಮ್‌ಗಳಲ್ಲಿ ಹೀಗಾಗುವುದು ಜಾಸ್ತಿ.

ಹಾಗಾದರೆ, ಈಗಿನ ಸ್ಥಿತಿಯಲ್ಲಿ ನಾನು ನಿಮ್ಮ ಜಾಗದಲ್ಲಿದ್ದರೆ ಈಗಿರುವ ಡಿಡಿಆರ್4 ಬಗೆಯ ರ‍್ಯಾಮ್ ಉಳಿಸಿಕೊಳ್ಳುತ್ತೇನೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದು ನಿಮಗೂ ಗೊತ್ತಿರಬಹುದು. ಇರುವ ರ‍್ಯಾಮ್ ಹಾಗೇ ಓಡುವಂತೆ ಎರಡು ದಾರಿ ಇದೆ. ರೈಜನ್ 5 5600 ಜೊತೆ ಬಿ550 ಬೋರ್ಡ್, ಇಲ್ಲ ಐ5-12400ಎಫ್ ಜೊತೆ ಡಿಡಿಆರ್4 ಬೋರ್ಡ್. ಗೇಮ್‌ನಲ್ಲಿ ಇವೆರಡರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಅವತ್ತು ಬೋರ್ಡ್ ಸೇರಿ ಯಾವುದು ಅಗ್ಗವೋ ಅದು. ಕೈಯಲ್ಲಿ ದುಡ್ಡಿದ್ದು ಇನ್ನೊಂದು ಐದಾರು ವರ್ಷದ ಯೋಚನೆ ಇದ್ದರೆ ಮಾತ್ರ ಎಎಂಡಿಯ ಹೊಸ ಸಾಕೆಟ್ ಎಎಂ5. ಆ ಸಾಕೆಟ್‌ಗೆ 2027 ದಾಟಿಯೂ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ಅದಕ್ಕೆ ಡಿಡಿಆರ್5 ಬೇಕು ಅನ್ನುವುದನ್ನು ಮರೆಯಬೇಡಿ.

ಸೆಕೆಂಡ್ ಹ್ಯಾಂಡ್‌ನಲ್ಲಿ 13, 14ನೇ ತಲೆಮಾರಿನ ಐ7, ಐ9 ಅಗ್ಗಕ್ಕೆ ಸಿಕ್ಕರೆ ಬಿಲ್ ಮತ್ತು ವಾರಂಟಿ ನೋಡದೆ ಕೈಹಾಕಬೇಡಿ. ಹೊಸದು ಕೊಳ್ಳುವಾಗಲೂ ಬಾಕ್ಸ್ ಪೀಸನ್ನೇ ಕೇಳಿ. ಟ್ರೇ ಪೀಸ್ ಅಂತ ಬಿಡಿಯಾಗಿ ಸ್ವಲ್ಪ ಕಮ್ಮಿಗೆ ಕೊಡುತ್ತಾರೆ, ಅದಕ್ಕೆ ಕಂಪನಿಯ ನೇರ ವಾರಂಟಿ ಸಾಮಾನ್ಯವಾಗಿ ಇರುವುದಿಲ್ಲ. ಬೋರ್ಡ್ ಹಳೇ ಸ್ಟಾಕ್ ಆಗಿದ್ದರೆ ಅಂಗಡಿಯಲ್ಲೇ ಬಯೋಸ್ ಅಪ್‌ಡೇಟ್ ಮಾಡಿಸಿ, ಆನ್ ಆಗುವುದನ್ನು ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕೊಡಿ.